ಬಾಯಿ ಅವಳದು, ಕೊರಳು ಇವಳದು

ಪಿರೋಶ್ಕಾ ಕೊಲೊಂಪಾರ್ ನಾಟಕಶಾಲೆಗೆ ಬಂದದ್ದು ಬಟ್ಟೆ ಒಗೆಯಲು. ಆಗ ಅವಳಿಗೆ ಹದಿನಾರು. ಹಂಗೆರಿಯ ಉತ್ತರದ ಗುಡ್ಡಗಳ ನಡುವೆ ಇದ್ದ ಕಲ್ಲಿದ್ದಲ ಪಟ್ಟಣ ಅದು. ಗಣಿಯವರಿಗಾಗಿ ಸರ್ಕಾರ ಕಟ್ಟಿಸಿದ ನಾಟಕಶಾಲೆ. ಅದರ ನೆಲಮಾಳಿಗೆಯಲ್ಲಿ ಎರಡು ಹಂಡೆಗಳು ಬೆಳಗಿನಿಂದ ಕುದಿಯುತ್ತಿದ್ದವು. ಸೇನಾಧಿಕಾರಿಗಳ ಕೆಂಪು ಕೋಟು, ರಾಜಕುಮಾರಿಯರ ಒಳಲಂಗ, ಭಿಕ್ಷುಕರ ಚಿಂದಿ, ಎಲ್ಲವೂ ಒಂದೇ ಹಂಡೆಗೆ ಬೀಳುತ್ತಿದ್ದವು. ಎಲ್ಲದರ ಕಂಕುಳಲ್ಲೂ ಒಂದೇ ವಾಸನೆ. ಸೋಡಾ ನೀರು ಅವಳ ಬೆರಳ ಸಂದುಗಳನ್ನು ತಿಂದು ಹಾಕಿತ್ತು. ನೋವು ಮರೆಯಲು ಹಾಡುತ್ತಿದ್ದಳು.

ಎರಡು ವರ್ಷ ಹೀಗೇ ಕಳೆದ ಮೇಲೆ ಒಂದು ದಿನ ಮೇಲಿನಿಂದ ಯಾರೋ ಇಳಿದು ಬಂದು ಕೇಳಿದರು, "ಹಾಡ್ತಿರೋದು ಯಾರು?"

ಅವರಿಗೆ ನಾಟಕಕ್ಕೊಬ್ಬಳು ಜಿಪ್ಸಿ ಹುಡುಗಿ ಬೇಕಿತ್ತು. ಜಿಪ್ಸಿ ಹುಡುಗಿ ಹಂಡೆಯ ಪಕ್ಕದಲ್ಲೇ ಸಿಕ್ಕಳು. ಕೈ ಒರೆಸಿಕೊಳ್ಳಲು ಬಿಟ್ಟರು. ಕೆಂಪು ಲಂಗ ಕೊಟ್ಟರು. ಕಿವಿಗೆ ಹಿತ್ತಾಳೆಯ ಬಳೆಯಂಥ ಓಲೆ ಸಿಕ್ಕಿಸಿದರು. ಮುಖ ನೋಡಿದ ಮೇಕಪ್ಪಿನವನು, "ಇಷ್ಟು ಕಪ್ಪು ಸಾಲದು, ಹಿಂದಿನ ಸಾಲಿನವರಿಗೆ ಕಾಣಲ್ಲ" ಅಂದ. ಅವಳ ಮೈಬಣ್ಣದ ಮೇಲೆ ಇನ್ನೊಂದು ಪದರ ಬಣ್ಣ ಬಳಿದ.

ಅಂದಿನಿಂದ ಅವಳು ಸಾಯತೊಡಗಿದಳು.

ನಾಟಕಗಳ ಹೆಸರುಗಳು ಬದಲಾಗುತ್ತಿದ್ದವು. ಕಥೆ ಬದಲಾಗುತ್ತಿರಲಿಲ್ಲ. ಒಬ್ಬ ಅಧಿಕಾರಿ. ಅವನಿಗೆ ನಿಶ್ಚಯವಾದ ಒಬ್ಬ ಬಿಳಿ ಹುಡುಗಿ. ನಡುವೆ ಒಬ್ಬ ಜಿಪ್ಸಿ ಹುಡುಗಿ. ಮೊದಲನೇ ಅಂಕದಲ್ಲಿ ಪಿರೋಶ್ಕಾ ಕುಣಿಯಬೇಕು. ಎರಡನೆಯದರಲ್ಲಿ ಪ್ರೀತಿಸಬೇಕು. ಮೂರನೆಯದರಲ್ಲಿ ಸಾಯಬೇಕು. ಅವಳು ಸತ್ತಮೇಲೆ ಅಧಿಕಾರಿ ಒಂದು ನಿಮಿಷ ಅಳುತ್ತಾನೆ. ಆಮೇಲೆ ಬಿಳಿ ಹುಡುಗಿಯ ಕೈ ಹಿಡಿಯುತ್ತಾನೆ. ವಾದ್ಯದವರು ಮದುವೆಯ ಹಾಡು ನುಡಿಸುತ್ತಾರೆ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಚಾಕುವಿನಿಂದ ಸತ್ತಳು. ವಿಷ ಕುಡಿದು ಸತ್ತಳು. ಡಾನ್ಯೂಬ್ ನದಿಗೆ ಹಾರಿ ಸತ್ತಳು. ನದಿ ಅಂದರೆ ನೀಲಿ ಬಟ್ಟೆಯ ಹಿಂದಿದ್ದ ಒಂದು ಹಳೇ ಹಾಸಿಗೆ. ಗುಂಡೇಟಿಗೆ ಸತ್ತಳು. ಒಂದು ನಾಟಕದಲ್ಲಿ ಬರೀ ದುಃಖಕ್ಕೇ ಸತ್ತಳು. ಹಲಗೆಯ ಮೇಲೆ ಬಿದ್ದು ಬಿದ್ದು ಬಲ ಸೊಂಟ ಸವೆದುಹೋಯಿತು. ಮೊಣಕಾಲ ಚಿಪ್ಪಿನ ಮೇಲೆ ಹುಣ್ಣು ಒಣಗುವ ಮೊದಲೇ ಮತ್ತೆ ಒಡೆಯುತ್ತಿತ್ತು. ಮೆತ್ತಗೆ ಬೀಳಬಹುದಿತ್ತು. ನಿರ್ದೇಶಕ ತಿಹಾನ್ಯಿ ಒಪ್ಪುತ್ತಿರಲಿಲ್ಲ. "ಧೊಪ್ಪಂತ ಬೀಳು ಪಿರಿ. ಸದ್ದು ಕೇಳಬೇಕು. ಸದ್ದು ಕೇಳಿದ್ರೇನೇ ಅವರಿಗೆ ಅಳು ಬರೋದು."

ಹನ್ನೊಂದು ವರ್ಷ ಅವಳನ್ನು ಚಾಕುವಿನಿಂದ ಇರಿದವನು ಬಾಲಿಂಟ್ ಎಂಬ ಹಾಡುಗಾರ. ರಂಗದ ಮೇಲೆ ಅವಳ ಕೊರಳಿಗೆ ಮುಖ ಹುದುಗಿಸಿ ಅಳುತ್ತಿದ್ದ. ಬೀದಿಯಲ್ಲಿ ಎದುರಾದರೆ ಅಂಗಡಿಯ ಗಾಜು ನೋಡುತ್ತ ನಿಲ್ಲುತ್ತಿದ್ದ. ಒಂದು ಭಾನುವಾರ ಹೆಂಡತಿಯ ಜತೆಯಲ್ಲಿದ್ದ. ಹೆಂಡತಿ ಕೇಳಿದ್ದು ಪಿರೋಶ್ಕಾಳ ಕಿವಿಗೂ ಬಿತ್ತು. "ಅವಳೇ ಅಲ್ವಾ ನೀನು ದಿನಾ ಕೊಲ್ಲೋಳು? ಹತ್ತಿರ ನಿಂತ್ರೆ ವಾಸನೆ ಬರುತ್ತಾ?" ಬಾಲಿಂಟ್ ನಕ್ಕ. ಅಂದು ಸಂಜೆ ಅವನು ಇರಿದಾಗ ಪಿರೋಶ್ಕಾ ಬೇಗ ಬಿದ್ದುಬಿಟ್ಟಳು. ಅವನ ತೋಳಿನಲ್ಲಿರುವುದು ಬೇಡವಾಗಿತ್ತು. ತಿಹಾನ್ಯಿ ಎಲ್ಲರೆದುರು ಬೈದ.

ಅವಳ ತಾಯಿ ತೆರ್ಕಾ ಊರಾಚೆಯ ಗುಡ್ಡದ ಮೇಲೆ, ಜಿಪ್ಸಿ ಕೇರಿಯಲ್ಲಿದ್ದಳು. ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತು ಬೆನ್ನು ಬಿಲ್ಲಾದವಳು. ಮಗಳ ನಾಟಕಕ್ಕೆ ಒಮ್ಮೆಯೂ ಬರಲಿಲ್ಲ. ಕರೆದರೆ, "ಸಾಯೋದನ್ನ ನೋಡೋಕೆ ಟಿಕೆಟ್ ಯಾಕೆ ತಗೋಬೇಕು? ನಾನು ಬಿಟ್ಟಿಯಾಗೇ ನೋಡಿದೀನಿ" ಅನ್ನುತ್ತಿದ್ದಳು.

ನೋಡಿದ್ದಳು. ಸಾವಿರದ ಒಂಬೈನೂರ ನಲವತ್ತನಾಲ್ಕರ ನವೆಂಬರಿನಲ್ಲಿ ಪೊಲೀಸರು ಕೇರಿಯನ್ನೆಲ್ಲ ಎತ್ತಿ ಲಾರಿಗೆ ತುಂಬಿ ಡಾನ್ಯೂಬ್ ದಡದ ಕೋಟೆಯೊಂದಕ್ಕೆ ಹಾಕಿದ್ದರು. ಕಲ್ಲಿನ ನೆಲ. ಸೂರಿಲ್ಲದ ಅಂಗಳ. ತೆರ್ಕಾಳ ಬೆನ್ನ ಮೇಲೆ ಎರಡು ವರ್ಷದ ಬೋರಿ. ಸೆರಗು ಹಿಡಿದುಕೊಂಡು ಐದು ವರ್ಷದ ಪಿರೋಶ್ಕಾ. ಒಂಬತ್ತನೇ ದಿನ ಬೋರಿ ಹೋದಳು. ತೆರ್ಕಾ ಎರಡು ದಿನ ಯಾರಿಗೂ ಹೇಳಲಿಲ್ಲ. ಬೆನ್ನಿಂದ ಇಳಿಸಲಿಲ್ಲ. ಅವಳಿಗಾಗಿ ಹಾಡಿಕೊಂಡೇ ಇದ್ದಳು.

*ಕಲ್ಲು ತಣ್ಣಗಿದೆ ಬೋರಿ, ನನ್ನ ಬೆನ್ನ ಮೇಲೆ ಮಲಗು.*
*ರೊಟ್ಟಿ ನಾಳೆ ಬರುತ್ತೆ ಬೋರಿ, ನಾಳೆವರೆಗೆ ಇರು.*

ಇಷ್ಟೇ ಹಾಡು. ಮನೆಯಲ್ಲಿ ಯಾರಾದರೂ ಸತ್ತಾಗ ಮಾತ್ರ ಅದನ್ನು ಹಾಡುತ್ತಿದ್ದರು. ಮದುವೆಗಿಲ್ಲ, ಹೆಂಡಕ್ಕಿಲ್ಲ, ಗಾಜೋಗಳ ಮುಂದೆ ಇಲ್ಲವೇ ಇಲ್ಲ. ಗಾಜೋ ಅಂದರೆ ಕೇರಿಯ ಮಾತಿನಲ್ಲಿ ನಮ್ಮವರಲ್ಲದವರು.

ಎಂಬತ್ತಮೂರರ ಜನವರಿಯಲ್ಲಿ ತೆರ್ಕಾ ಸತ್ತಳು. ಆ ಹೊತ್ತಿಗೆ ಪಿರೋಶ್ಕಾಳಿಗೆ ನಲವತ್ತನಾಲ್ಕು. ಪ್ರೀತಿಸಿ ಸಾಯುವ ಪಾತ್ರಗಳು ಮುಗಿದಿದ್ದವು. ಕಣಿ ಹೇಳುವ ಮುದುಕಿ, ಶಾಪ ಹಾಕುವ ಮುದುಕಿ, ಕೂಸು ಕದಿಯುವ ಮುದುಕಿ, ಇವು ಶುರುವಾಗಿದ್ದವು. ಮಣ್ಣಿಗೆ ನಾಟಕಶಾಲೆಯಿಂದ ಒಂದು ಹೂಚಕ್ರ ಬಂತು. ಅದನ್ನು ತಂದವನು ವಾದ್ಯಗಾರರ ಮುಖ್ಯಸ್ಥ ಲೋರಾಂಡ್. ಗುಂಡಿಯ ಅಂಚಿನಲ್ಲಿ ನಿಂತು ಪಿರೋಶ್ಕಾ ಕೇರಿಯ ಮಾತಿನಲ್ಲಿ ತಾಯಿಯ ಹಾಡು ಹಾಡಿದಳು. ಹಾಡು ಮುಗಿಸಿ ಕಣ್ಣು ತೆರೆದಾಗ ಲೋರಾಂಡ್ ಟೋಪಿ ತೆಗೆದು ನಿಂತಿದ್ದ. ಮರ್ಯಾದಸ್ಥ ಅಂದುಕೊಂಡಳು. ಅವಳ ತಮ್ಮ ಕಾಲ್ಮಾನ್ ಪಕ್ಕದಿಂದ ನೋಡಿದ್ದ. ಟೋಪಿಯೊಳಗೆ ಕಾಗದ ಇಟ್ಟುಕೊಂಡು ಲೋರಾಂಡ್ ಸ್ವರ ಬರೆದುಕೊಳ್ಳುತ್ತಿದ್ದ.

ಮಾರ್ಚಿನಲ್ಲಿ ಹೊಸ ಸಂಗೀತ ನಾಟಕ ಓದಿದರು. ಒಬ್ಬ ಜಿಪ್ಸಿ ಹುಡುಗಿ. ಜಮೀನ್ದಾರನ ಮಗ. ಅವನು ಹುಸಾರ್ ಎಂಬ ಕುದುರೆ ಪಡೆಯ ಸರದಾರ. ಪ್ರೀತಿ, ಜಗಳ, ಶಾಪ. ಈ ಸಲ ಹುಡುಗಿ ಸಾಯುವುದಿಲ್ಲ. ಕೇಳುತ್ತ ಕೇಳುತ್ತ ಪಿರೋಶ್ಕಾಳ ಎದೆ ಹಗುರವಾಯಿತು. ಕೊನೆಯ ಪುಟದಲ್ಲಿ ಗೊತ್ತಾಯಿತು. ಹುಡುಗಿ ದೊಡ್ಡ ಮನೆಯವಳು. ಕೂಸಾಗಿದ್ದಾಗ ಜಿಪ್ಸಿ ಮುದುಕಿಯೊಬ್ಬಳು ಕದ್ದಿದ್ದಳು. ಅವಳು ಜಿಪ್ಸಿಯೇ ಅಲ್ಲ. ಅದಕ್ಕೇ ಬದುಕಿದಳು. ಮುದುಕಿ ಸಾಯುತ್ತಾಳೆ. ಮುದುಕಿ ಪಿರೋಶ್ಕಾ.

ಹುಡುಗಿಯ ಪಾತ್ರಕ್ಕೆ ಬುಡಾಪೆಸ್ಟಿನಿಂದ ಎಡಿನಾ ಎಂಬವಳನ್ನು ಕರೆಸಿದ್ದರು. ಇಪ್ಪತ್ತನಾಲ್ಕು ವರ್ಷ, ಜೋಳದ ಸಿಪ್ಪೆಯಂಥ ಕೂದಲು. ಲೋರಾಂಡ್ ಪಿಯಾನೋ ಮುಂದೆ ಕೂತು, "ಇದು ನಾಟಕದ ಜೀವ, ಕೇಳಿ" ಎಂದು ಒಂದು ಹಾಡು ನುಡಿಸಿ ಹಾಡಿದ.

*ಇರುಳು ತಣ್ಣಗಿದೆ ಸರದಾರ, ನನ್ನ ಎದೆಯ ಮೇಲೆ ಮಲಗು.*
*ಮುತ್ತು ನಾಳೆ ಕೊಡುವೆ ಸರದಾರ, ನಾಳೆವರೆಗೆ ಇರು.*

ಗುಂಡಿಯ ಬಳಿ ನಿಂತವನು ಮಾತನ್ನೂ ಬಿಟ್ಟಿರಲಿಲ್ಲ. ಯಾರಿಂದಲೋ ಅರ್ಥ ಕೇಳಿ ತಿಳಿದುಕೊಂಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಲೋರಾಂಡ್ ಅವಳ ಕಡೆ ತಿರುಗಿ ಕಣ್ಣು ಮಿಟುಕಿಸಿದ, ಏನೋ ಉಡುಗೊರೆ ಕೊಟ್ಟವನ ಹಾಗೆ.

ಅವಳು ನೇರ ತಿಹಾನ್ಯಿಯ ಕೋಣೆಗೆ ಹೋದಳು. ಅವನು ಕಾಫಿ ಕುಡಿಯುತ್ತಿದ್ದ.

"ನಿರ್ದೇಶಕರೇ, ಆ ಹಾಡು ಬೇಡ."

"ಯಾಕೆ? ಚೆನ್ನಾಗಿಲ್ವಾ?"

"ಅದು ನನ್ನ ತಂಗಿಗೆ ನಮ್ಮಮ್ಮ ಹಾಡಿದ್ದು. ತಂಗಿ ಬೆನ್ನ ಮೇಲೆ ಹೆಣ ಆಗಿದ್ಲು."

ತಿಹಾನ್ಯಿ ಬಟ್ಟಲು ಕೆಳಗಿಟ್ಟ. "ಅಯ್ಯೋ ಪಾಪ. ಆದ್ರೆ ನೋಡು ಪಿರಿ, ಜಾನಪದ ಅಂದ್ರೆ ಎಲ್ರಿಗೂ ಸೇರಿದ್ದು. ಹಾಡಿಗೆ ಯಾರಪ್ಪ ಯಾರಮ್ಮ? ನಿಮ್ಮೋರ ಹಾಡು ದೊಡ್ಡ ವೇದಿಕೆಗೆ ಬರ್ತಿದೆ. ನೀನು ಸಂತೋಷಪಡಬೇಕು."

"ನನಗೆ ಸಂತೋಷ ಇಲ್ಲ."

"ನಿನಗಿರೋ ಎರಡು ಕೋಣೆ ಮನೆ ಯಾರು ಕೊಡ್ಸಿದ್ದು?"

ತಿಹಾನ್ಯಿ ಬಟ್ಟಲು ಮತ್ತೆ ಎತ್ತಿಕೊಂಡ.

"ನಾಟಕಶಾಲೆ ಕೊಡ್ಸಿದ್ದು. ನಲ್ಲಿ ಇದೆ, ಕಕ್ಕಸು ಒಳಗಡೆನೇ ಇದೆ. ವಾಪಸ್ ಗುಡ್ಡಕ್ಕೆ ಹೋಗ್ತೀಯಾ? ನಿನ್ನ ವಯಸ್ಸಿಗೆ ಬೇರೆ ಯಾವ ನಾಟಕಶಾಲೆ ನಿನ್ನ ತಗೊಳ್ಳುತ್ತೆ? ಎಷ್ಟು ನಾಟಕದಲ್ಲಿ ಜಿಪ್ಸಿ ಮುದುಕಿ ಇರ್ತಾಳೆ, ಹೇಳು? ಹೋಗು. ಬಾಗಿಲು ಹಾಕ್ಕೊಂಡು ಹೋಗು."

ಅವಳು ಬಾಗಿಲು ಹಾಕಿಕೊಂಡು ಹೋದಳು. ಅದನ್ನು ನೆನೆದಾಗಲೆಲ್ಲ ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಎಡಿನಾಳಿಗೆ ಹಾಡು ಬರಲಿಲ್ಲ. ಕೊರಳು ಒಳ್ಳೆಯದೇ. ಆದರೆ ಆ ಹಾಡಿನಲ್ಲಿ 'ಇರು' ಎನ್ನುವ ಕಡೆ ದನಿ ಒಡೆಯಬೇಕು. ಒಡೆದು ಮತ್ತೆ ಕೂಡಬೇಕು. ಎಡಿನಾ ಆರು ವರ್ಷ ಕಲಿತದ್ದೇ ದನಿ ಒಡೆಯದಂತೆ ಹಾಡುವುದನ್ನು. ಮೂರು ವಾರ ಪಿರೋಶ್ಕಾ ಹೇಳಿಕೊಟ್ಟಳು. ನಡೆಯುವುದು ಹೇಗೆ, ಕೂರುವುದು ಹೇಗೆ, ಸೆರಗು ಎಳೆದುಕೊಳ್ಳುವುದು ಹೇಗೆ. ತಿಹಾನ್ಯಿ ಕತ್ತಲಲ್ಲಿ ಕೂತು ಕೂಗುತ್ತಿದ್ದ, "ಅವಳ ಥರ ಎಡಿನಾ, ಅವಳ ಥರ! ಪಿರಿ, ಇನ್ನೊಂದ್ಸಲ ಅತ್ತು ತೋರಿಸು." ಅವಳು ಅತ್ತು ತೋರಿಸುತ್ತಿದ್ದಳು. ಒಂದೇ ಮಧ್ಯಾಹ್ನ ಹನ್ನೆರಡು ಸಲ.

ಕೊನೆಗೆ ಲೋರಾಂಡ್ ಕೈಚೆಲ್ಲಿದ. "ಪರದೆ ಹಿಂದೆ ಪಿರಿ ಹಾಡ್ಲಿ. ಮುಂದೆ ನೀನು ಬಾಯಾಡಿಸು."

ಹಾಗೆ ರಂಗದ ಹಿಂಬದಿಯಲ್ಲಿ ಒಂದು ಕಪ್ಪು ಬಟ್ಟೆ ಕಟ್ಟಿದರು. ಅದರ ಹಿಂದೆ ಒಂದು ಸ್ಟೂಲು, ಒಂದು ಮೈಕು. ಎಡಿನಾ ಮನೆಯಲ್ಲಿ ಬಾಯಾಡಿಸಿ ಅಭ್ಯಾಸ ಮಾಡಲಿ ಎಂದು ಪಿರೋಶ್ಕಾಳ ಹಾಡನ್ನು ವಾದ್ಯದ ಸಮೇತ ಟೇಪಿಗೂ ಹಿಡಿದುಕೊಂಡರು. ಭಿತ್ತಿಪತ್ರದಲ್ಲಿ 'ಹಾಡಿರುವವರು' ಎಂಬಲ್ಲಿ ಎಡಿನಾಳ ಹೆಸರು ಬಿತ್ತು.

ಮೇ ತಿಂಗಳಲ್ಲಿ ನಾಟಕ ಶುರುವಾಯಿತು. ಟಿಕೆಟ್ ಸಿಗದಷ್ಟು ಜನ. ಪತ್ರಿಕೆಯವರು ಎಡಿನಾಳನ್ನು 'ಜಿಪ್ಸಿ ಆತ್ಮವನ್ನು ಮೈಮೇಲೆ ತಂದುಕೊಂಡವಳು' ಎಂದು ಬರೆದರು. ಎಡಿನಾ ಮೈಮೇಲೆ ತಂದುಕೊಂಡದ್ದು ಕಂದು ಬಣ್ಣ. ಕತ್ತು, ತೋಳು, ಬೆನ್ನು. ಪ್ರತಿ ಆಟ ಮುಗಿದ ಮೇಲೆ ಅದನ್ನು ತೆಗೆಯಬೇಕು. ಬಟ್ಟೆ ನೋಡಿಕೊಳ್ಳುವ ಇರ್ಮಾ ಅಜ್ಜಿಯ ಕೈಬೆರಳು ಸೊಟ್ಟಗಾಗಿದ್ದವು. ಆ ಕೆಲಸವೂ ಪಿರೋಶ್ಕಾಳ ಪಾಲಿಗೆ ಬಂತು. ಎಡಿನಾ ಬೋಗುಣಿಯ ಮೇಲೆ ಬಾಗಿ ಕೂರುತ್ತಿದ್ದಳು. ಪಿರೋಶ್ಕಾ ಸಾಬೂನು ಹಚ್ಚಿ, ಒರಟು ಬಟ್ಟೆಯಿಂದ ಬೆನ್ನು ತಿಕ್ಕುತ್ತಿದ್ದಳು. ಕಂದು ನೀರು ಬೋಗುಣಿಗೆ ಇಳಿಯುತ್ತಿತ್ತು. ಅಡಿಯಿಂದ ಬಿಳಿ ಚರ್ಮ ಮೇಲೆ ಬರುತ್ತಿತ್ತು. ಹತ್ತು ನಿಮಿಷದ ಕೆಲಸ. ಹತ್ತು ನಿಮಿಷಕ್ಕೆ ಅವಳು ಜಿಪ್ಸಿಯಲ್ಲ.

"ಪಿರಿ ಅಕ್ಕಾ, ಈ ಬಣ್ಣ ಮೈಯೆಲ್ಲ ತುರಿಕೆ" ಎಂದಳು ಒಂದು ದಿನ ಎಡಿನಾ. "ಹೇಗೆ ಸಹಿಸಿಕೊಳ್ತೀರೋ."

"ನಂಗೆ ತೊಳೆದ್ರೆ ಹೋಗಲ್ವಲ್ಲ. ಅಭ್ಯಾಸ ಆಗಿದೆ."

ಎಡಿನಾಳ ಬೆನ್ನು ಸೆಟೆದುಕೊಂಡಿತು. "ನಾನು ಹಾಗಂದಿದ್ದಲ್ಲ." ಬೋಗುಣಿಯ ನೀರು ನೋಡುತ್ತ ಕೇಳಿದಳು, "ಆ ಹಾಡಲ್ಲಿ ನೀವು 'ಇರು' ಅನ್ನೋವಾಗ ನಂಗೆ ಬೆನ್ನಲ್ಲಿ ನಡುಕ ಬರುತ್ತೆ. ಯಾರನ್ನ ನೆನೆಸ್ಕೊಳ್ತೀರಿ? ಯಾರನ್ನಾದ್ರೂ ಅಷ್ಟು ಪ್ರೀತಿಸಿದ್ರಾ?"

ಪಿರೋಶ್ಕಾ ಹೇಳಿದಳು. ಕೋಟೆ, ಕಲ್ಲು, ಬೋರಿ, ಎರಡು ದಿನ. ಹೇಳುತ್ತ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಎಡಿನಾ ಟವೆಲ್ ಎಳೆದುಕೊಂಡು ಮೈಮುಚ್ಚಿಕೊಂಡಳು. ಕಣ್ಣು ಕೆಂಪಾಗಿತ್ತು. "ನಾನೇನು ಮಾಡ್ಲಿ ಹೇಳಿ? ಕೊಟ್ಟಿದ್ದನ್ನ ಮಾಡ್ತೀನಿ ಅಷ್ಟೇ."

"ನಾನೂ ಅಷ್ಟೇ ಮಾಡಿದ್ದು ತಾಯಿ. ಇಪ್ಪತ್ತಾರು ವರ್ಷ."

ಹನ್ನೊಂದು ಆಟ ಹಾಗೆ ನಡೆದವು. ಹನ್ನೆರಡನೆಯದು ಒಂದು ಭಾನುವಾರ ಮಧ್ಯಾಹ್ನದ ಆಟ. ಅಂದು ಬೆಳಿಗ್ಗೆ ಕಾಲ್ಮಾನ್ ಅವಳ ಮನೆಗೆ ಬಂದ. ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಕಣ್ಣ ಸುತ್ತ ಇದ್ದಿಲು ಹಾಗೇ ಇತ್ತು. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತ.

"ಬಾರೋ, ಕಾಫಿ ಮಾಡ್ತೀನಿ."

"ಬೇಡ." ಟೋಪಿ ಕೈಯಲ್ಲಿ ತಿರುಗಿಸಿದ. "ಅಕ್ಕಾ, ಗಣಿ ಲಿಫ್ಟಿನಲ್ಲಿ ಅದನ್ನ ಶಿಳ್ಳೆ ಹಾಕ್ತಿದಾರೆ."

"ಏನನ್ನ?"

"ಅಮ್ಮನ ಹಾಡನ್ನ. ಕೆಳಗಿಳಿಯೋವಾಗ ಇಪ್ಪತ್ತು ಜನ ಗಾಜೋಗಳು ಒಟ್ಟಿಗೆ ಶಿಳ್ಳೆ. ಒಬ್ಬ ಸೊಂಟ ಬೇರೆ ಕುಣಿಸ್ತಾನೆ. 'ಮುತ್ತು ನಾಳೆ ಕೊಡುವೆ' ಅಂತ ನನ್ನ ಕಡೆ ನೋಡಿ ತುಟಿ ಮುಂದೆ ಮಾಡ್ತಾನೆ. ನಾನು ನೆಲ ನೋಡ್ತಾ ನಿಂತಿದ್ದೆ. ಮುನ್ನೂರು ಅಡಿ ಇಳಿಯೋವರೆಗೂ." ಟೋಪಿ ತಲೆಗಿಟ್ಟುಕೊಂಡ. "ಅವರಿಗೇನು ಗೊತ್ತು, ಬಿಡು. ನಿಂಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಕತ್ತಲಲ್ಲಿ ಕೂತು ಅವರಿಗೆ ಹಾಡಿ ಕೊಡ್ತಿದೀಯಲ್ಲ? ನಲ್ಲಿ ನೀರು ಅಷ್ಟು ಸಿಹಿನಾ?"

ಉತ್ತರ ಕೇಳಲು ಅವನು ನಿಲ್ಲಲಿಲ್ಲ.

ಮಧ್ಯಾಹ್ನ ಅವಳು ಕಪ್ಪು ಬಟ್ಟೆಯ ಹಿಂದೆ ಸ್ಟೂಲಿನ ಮೇಲೆ ಕೂತಳು. ಎರಡನೇ ಅಂಕ. ವಾದ್ಯ ಶುರುವಾಯಿತು. ಬಟ್ಟೆಯ ಸಂದಿನಿಂದ ಎಡಿನಾಳ ಬೆನ್ನು ಕಾಣುತ್ತಿತ್ತು. ಎಡಿನಾ ಕೈ ಚಾಚಿದಳು. ಬಾಯಿ ತೆರೆದಳು.

ಪಿರೋಶ್ಕಾ ಬಾಯಿ ತೆರೆಯಲಿಲ್ಲ.

ವಾದ್ಯದವರು ಮತ್ತೆ ಅದೇ ಸಾಲಿಗೆ ಬಂದರು. ಎಡಿನಾ ಮತ್ತೆ ಬಾಯಿ ತೆರೆದಳು. ಏನೂ ಇಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಲೋರಾಂಡ್ ತಾಳದ ಕೋಲು ಎತ್ತಿ ಹಿಡಿದೇ ಬೆವರತೊಡಗಿದ. ತಿಹಾನ್ಯಿ ಹಿಂದಿನಿಂದ ಓಡಿ ಬಂದು ಅವಳ ತೋಳಿಗೆ ಕೈ ಹಾಕಿದ. ಉಗುರು ಚರ್ಮಕ್ಕಿಳಿಯಿತು.

"ಹಾಡೇ! ಹುಚ್ಚು ಹಿಡೀತಾ ನಿಂಗೆ? ಹಾಡು!"

"ಇಲ್ಲ."

"ಕಾಲು ಹಿಡೀಬೇಕಾ ನಿಂದು?"

"ಹಿಡಿದ್ರೂ ಇಲ್ಲ. ಅದು ಬೋರೀದು. ನಿಮ್ಮ ಸರದಾರಂದಲ್ಲ."

ಮೈಕು ತೆರೆದೇ ಇತ್ತು. ಕೊನೆಯ ಮಾತು ಸಭೆಗೂ ಕೇಳಿಸಿತು. ಪರದೆ ಇಳಿಸಿದರು.

ಮಂಗಳವಾರ ಶಿಸ್ತು ಸಮಿತಿ ಸೇರಿತು. ಉದ್ದ ಮೇಜಿನ ಆಚೆ ಐದು ಜನ. ಬಾಲಿಂಟ್ ಕೂಡ ಇದ್ದ, ಕಾರ್ಮಿಕ ಸಂಘದ ಪರವಾಗಿ. ಅವನು ಕಿಟಕಿ ನೋಡುತ್ತ ಕೂತಿದ್ದ. ತಿಹಾನ್ಯಿ ಮಾತಾಡಿದ, ನೀರು ಕುಡಿದ, ಮತ್ತೆ ಮಾತಾಡಿದ. ಹಂಡೆಯ ಬಳಿಯಿಂದ ಎತ್ತಿ ತಂದು ಕಲಾವಿದೆ ಮಾಡಿದ್ದಕ್ಕೆ ಇದೇನಾ ಕೃತಜ್ಞತೆ ಎಂದ. ಅವಳಿಗೆ ಹೇಳುವುದೇನಾದರೂ ಇದೆಯೇ ಎಂದು ಕೇಳಿದರು.

"ನಾಟಕದಿಂದ ಆ ಹಾಡು ತೆಗೀರಿ. ನಾನು ವಾಪಸ್ ಹಂಡೆ ಹತ್ರ ಹೋಗ್ತೀನಿ."

ಒಬ್ಬಳು ನಕ್ಕಳು. ಎಲ್ಲಿ ಕೆಲಸ ಕೇಳಿದರೂ ತೋರಿಸಬೇಕಾದ ಪಿರೋಶ್ಕಾಳ ಉದ್ಯೋಗ ಪುಸ್ತಕದಲ್ಲಿ ಮೊಹರು ಬಿತ್ತು. ಶಿಸ್ತು ಉಲ್ಲಂಘನೆಗಾಗಿ ವಜಾ. ಮನೆ ಖಾಲಿ ಮಾಡಲು ತಿಂಗಳ ಕೊನೆಯವರೆಗೆ ಅವಕಾಶ.

ನಾಟಕ ಒಂದು ದಿನವೂ ನಿಲ್ಲಲಿಲ್ಲ. ಅದನ್ನು ಹೇಳಲು ಇರ್ಮಾ ಅಜ್ಜಿ ಮೆಟ್ಟಿಲು ಹತ್ತಿ ಮನೆಗೆ ಬಂದಳು. ಏದುಸಿರು ಬಿಡುತ್ತ ಕುರ್ಚಿಯ ಮೇಲೆ ಕೂತಳು. ಒಂದು ಲೋಟ ನೀರು ಕುಡಿದಳು.

"ಪಿರಿ, ನೀನಿಲ್ದೇನೇ ನೀನು ಹಾಡ್ತಿದೀಯ ಕಣೇ."

"ಏನಂದೆ?"

"ಟೇಪು. ಆವತ್ತು ಹಿಡ್ಕೊಂಡಿದ್ರಲ್ಲ, ಅದನ್ನೇ ಹಾಕ್ತಿದಾರೆ. ದೊಡ್ಡ ಸ್ಪೀಕರಿಂದ. ಮೊದಲಿಗಿಂತ ಚೆನ್ನಾಗಿ ಕೇಳುತ್ತೆ ಅಂತಾರೆ. ತಿಹಾನ್ಯಿ ಹೇಳ್ತಾನೆ, 'ಈ ಪಿರಿಗೆ ಸಿಟ್ಟು ಬರಲ್ಲ, ಊಟ ಕೇಳಲ್ಲ, ಮೊದ್ಲೇ ಹೀಗ್ ಮಾಡಬೇಕಿತ್ತು' ಅಂತ."

ಪಿರೋಶ್ಕಾ ಎರಡೂ ಕೈಯಲ್ಲಿ ಕೊರಳು ಹಿಡಿದುಕೊಂಡಳು.

ಕೆಲಸ ಹುಡುಕಿಕೊಂಡು ಅಲೆದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ. ಶಾಲೆಯ ಅಡಿಗೆಮನೆ. ತಾಯಿ ದುಡಿದ ಇಟ್ಟಿಗೆ ಗೂಡು. ಎಲ್ಲ ಕಡೆ ಮೊದಲು ಅವಳ ಮುಖ ನೋಡಿದರು. ಆಮೇಲೆ ಪುಸ್ತಕ ತೆರೆದು ಮೊಹರು ನೋಡಿದರು. ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಇಟ್ಟಿಗೆ ಗೂಡಿನ ಮೇಸ್ತ್ರಿ ಮಾತ್ರ ಮಾತಾಡಿದ. "ನಾಟಕದಲ್ಲಿ ನೋಡಿದೀನಮ್ಮ ನಿಮ್ಮನ್ನ. ಇಟ್ಟಿಗೆ ನಿಮ್ಮ ಕೈಲಿ ಆಗಲ್ಲ. ಸೊಂಟ ನೋಡಿದ್ರೆ ಗೊತ್ತಾಗುತ್ತೆ." ಕೆಲಸವಿಲ್ಲದಿರುವುದು ಆ ದೇಶದಲ್ಲಿ ಅಪರಾಧ. ಸಮಾಜಕ್ಕೆ ಅಪಾಯಕಾರಿಯಾದ ಕೆಲಸಗಳ್ಳರು ಎಂದು ಅಂಥವರಿಗೆ ಕಾನೂನಿನಲ್ಲೇ ಹೆಸರಿತ್ತು. ಮೊದಲು ಎಚ್ಚರಿಕೆ. ಆಮೇಲೆ ಜೈಲು. ಯಾರೂ ಕೆಲಸ ಕೊಡದವರಿಗೆ ಏನೆಂದು ಹೆಸರು, ಅದು ಕಾನೂನಿನಲ್ಲಿರಲಿಲ್ಲ.

ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿ ಗುಡ್ಡದ ಕೇರಿಗೆ ಹೋದಳು. ಕಾಲ್ಮಾನ್ ಏನೂ ಕೇಳದೆ ತನ್ನ ಹಾಸಿಗೆ ಬಿಟ್ಟುಕೊಟ್ಟು ಅಡಿಗೆ ಒಲೆಯ ಪಕ್ಕ ಮಲಗಿದ. ಕೇರಿಯ ಹೆಂಗಸರು ಬಾವಿಯ ಬಳಿ ಬಾಯಿ ಬಿಟ್ಟರು. "ಬಂದ್ಲು ನೋಡ್ರೇ, ದಿನಾ ಗಾಜೋ ತೋಳಲ್ಲಿ ಸಾಯ್ತಿದ್ದ ರಾಣಿ." ಅವಳು ಕೊಡ ತುಂಬಿಸಿಕೊಂಡು ಬಂದಳು. ಅವರ ಮಾತು ಸುಳ್ಳಲ್ಲ ಅನ್ನಿಸಿತು. ಆ ಕಡೆ ಅವಳು ಕಪ್ಪು. ಈ ಕಡೆ ಅವಳು ಬಣ್ಣ ಬಳಿದುಕೊಂಡವಳು. ನಡುವೆ ಎಲ್ಲೂ ನೆಲವಿರಲಿಲ್ಲ. ಕೊರಳೊಂದು ಉಳಿದಿತ್ತು. ಅದೂ ಅಲ್ಲಿ ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದು ದಿನಾ ಸುತ್ತುತ್ತಿತ್ತು.

ಜೂನ್ ಕೊನೆಯ ಭಾನುವಾರ ಅವಳು ಪೇಟೆಗಿಳಿದಳು. ತಾಯಿಯ ಕಪ್ಪು ಶಾಲು ಹೊದ್ದಿದ್ದಳು. ಕಿಟಕಿಯಲ್ಲಿ ಟಿಕೆಟ್ ಕೇಳಿದಳು. ಟಿಕೆಟ್ ಕೊಡುವವಳು ಅವಳ ಗುರುತು ಹಿಡಿದಳು. ಗಾಬರಿಯಾಯಿತು. ಆದರೆ ಟಿಕೆಟ್ ಕೊಡಬಾರದೆಂದು ಯಾರೂ ಹೇಳಿರಲಿಲ್ಲ. ಆರನೇ ಸಾಲು, ನಡುವಿನ ಕುರ್ಚಿ. ಪಕ್ಕದ ಹೆಂಗಸು ಕೈಚೀಲವನ್ನು ಎತ್ತಿ ಈ ತೊಡೆಯಿಂದ ಆ ತೊಡೆಗೆ ಇಟ್ಟುಕೊಂಡಳು. ಸೆಕೆಗೆ ಸಭೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಪಿರೋಶ್ಕಾ ಮೊದಲ ಸಲ ರಂಗವನ್ನು ಎದುರಿನಿಂದ ನೋಡಿದಳು. ಎಷ್ಟು ಚಿಕ್ಕದಾಗಿದೆ ಅನ್ನಿಸಿತು.

ಎರಡನೇ ಅಂಕ ಬಂತು. ಎಡಿನಾ ಕೈ ಚಾಚಿದಳು. ಸ್ಪೀಕರಿನಿಂದ ಪಿರೋಶ್ಕಾಳ ದನಿ ಹೊರಟಿತು. *ಇರುಳು ತಣ್ಣಗಿದೆ ಸರದಾರ.*

ಪಿರೋಶ್ಕಾ ಎದ್ದು ನಿಂತಳು. ಹಾಡಿದಳು.

*ಕಲ್ಲು ತಣ್ಣಗಿದೆ ಬೋರಿ.*

ಕೇರಿಯ ಮಾತಿನಲ್ಲಿ ಹಾಡಿದಳು. ತಾಯಿಯ ಹಾಗೆ, ನಿಧಾನವಾಗಿ. ಟೇಪು ಮುಂದೆ ಹೋಯಿತು. ಟೇಪಿಗೆ ಕಾಯಲು ಬರುವುದಿಲ್ಲ. ಒಂದೇ ಕೊರಳಿನ ಎರಡು ದನಿಗಳು ಸಭೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಜನ ತಿರುಗಿ ನೋಡಿದರು. "ಕೂತ್ಕೊಳ್ಳೇ!" ಎಂದ ಒಬ್ಬ. "ಕುಡಿದಿದಾಳೆ" ಎಂದ ಇನ್ನೊಬ್ಬ. "ಅಲ್ಲ, ಕೇಳ್ರೀ, ಅದೇ ದನಿ!" ಎಂದಳು ಯಾರೋ ಒಬ್ಬಳು ಹಿಂದಿನಿಂದ.

ಎಡಿನಾ ಅವಳನ್ನು ನೋಡಿದಳು. ಬಾಯಿ ಅರೆ ತೆರೆದಿತ್ತು. ಯಾವ ದನಿಗೆ ತುಟಿ ಕೂಡಿಸುವುದು? ಅವಳು ಕೈ ಇಳಿಸಿದಳು. ಬಾಯಿ ಮುಚ್ಚಿದಳು. ಮುಚ್ಚಿಕೊಂಡೇ ನಿಂತಳು. ಸ್ಪೀಕರ್ ಹಾಡುತ್ತಲೇ ಇತ್ತು. *ಮುತ್ತು ನಾಳೆ ಕೊಡುವೆ ಸರದಾರ.* ಮುಚ್ಚಿದ ಬಾಯಿಯ ನಾಯಕಿಯಿಂದ ಹಾಡು ಬರುತ್ತಿರುವುದನ್ನು ನಾನೂರು ಜನ ನೋಡಿದರು. ಗಣಿಯವರಿದ್ದ ಸಾಲಿನಲ್ಲಿ ಒಬ್ಬ ಗಟ್ಟಿಯಾಗಿ ನಕ್ಕ. ಆಮೇಲೆ ಅವನೂ ನಿಲ್ಲಿಸಿದ.

ಪಿರೋಶ್ಕಾ 'ನಾಳೆವರೆಗೆ ಇರು' ಎನ್ನುವಲ್ಲಿಗೆ ಬಂದಳು. ದನಿ ಒಡೆಯಿತು. ಕೂಡುವ ಮೊದಲೇ ಬಾಗಿಲು ಕಾಯುವ ಇಬ್ಬರು ಅವಳ ಕಂಕುಳಿಗೆ ಕೈ ಹಾಕಿ ಎಳೆದರು. ಶಾಲು ಕುರ್ಚಿಗೆ ಸಿಕ್ಕಿಕೊಂಡು ಹರಿಯಿತು. ಸವೆದ ಸೊಂಟ ಕುರ್ಚಿಗಳ ಹಿಡಿಗೆ ಬಡಿಯುತ್ತ ಬಡಿಯುತ್ತ ಹೋಯಿತು. ಅವಳು ಹಾಡು ನಿಲ್ಲಿಸಲಿಲ್ಲ. ಬಾಗಿಲಾಚೆ ಪೊಲೀಸಿನವನು ನಿಂತಿದ್ದ.

ಪೊಲೀಸ್ ಠಾಣೆ ಚೌಕದ ಆ ಬದಿಗೇ ಇತ್ತು. ನಡೆಸಿಕೊಂಡೇ ಹೋದರು. ಒಬ್ಬ ಸಾರ್ಜೆಂಟ್ ಮೇಜಿನ ಹಿಂದೆ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದ. ಮೂವತ್ತರ ಆಸುಪಾಸಿನವನು. ಅವಳ ಪುಸ್ತಕ ತೆರೆದ. ಮುಖ ನೋಡಿದ. ಮತ್ತೆ ಪುಸ್ತಕ ನೋಡಿದ.

"ನೀವೇ ಅಲ್ವಾ ನೀರಿಗೆ ಹಾರಿ ಸಾಯ್ತಿದ್ದೋರು? ಶಾಲೆಯಿಂದ ಕರ್ಕೊಂಡು ಬಂದಿದ್ರು ನಮ್ಮನ್ನ. ನನ್ನ ತಂಗಿ ವಾರ ಎಲ್ಲ ಅತ್ತಿದ್ಲು ನಿಮಗೋಸ್ಕರ."

"ಈಗೆಲ್ಲಿದಾಳೆ ತಂಗಿ?"

"ಮದ್ವೆ ಆಗಿದೆ. ಚೆನ್ನಾಗಿದಾಳೆ." ಅವನು ಫಾರಂ ಎಳೆದುಕೊಂಡ. "ಯಾಕಮ್ಮ ಬೇಕಿತ್ತು ಇದೆಲ್ಲ? ಹೆಸರು ಹೇಳಿ."

ಹೇಳಿದಳು. ತಾಯಿಯ ಹೆಸರು ಹೇಳಿದಳು. ಹುಟ್ಟಿದ ಊರು, ಇಸವಿ ಹೇಳಿದಳು. ಅವನು ಬೆವರು ಒರೆಸಿಕೊಂಡು ಎದ್ದು ಕಿಟಕಿ ತೆಗೆದ. ಮತ್ತೆ ಬಂದು ಕೂತ.

"ಉದ್ಯೋಗ?"

"ನಟಿ."

"ಅದು ಮೊದ್ಲು. ಈಗ?"

"ನಟಿ."

"ಇಲ್ಲಿ ಮೊಹರು ಇದೆಯಲ್ಲಮ್ಮ. ಐದು ವಾರ ಆಯ್ತು ನಿಮ್ಮನ್ನ ತೆಗೆದು. ಐದು ವಾರದಿಂದ ಎಲ್ಲೂ ಕೆಲಸ ಮಾಡಿಲ್ಲ. ನನಗೆ ಬರೆಯೋಕಿರೋದು ಒಂದೇ ಶಬ್ದ." ಅವನು ತಲೆ ತಗ್ಗಿಸಿಕೊಂಡು ಬರೆದ. ಪಿರೋಶ್ಕಾ ತಲೆಕೆಳಗಾದ ಅಕ್ಷರಗಳನ್ನು ಓದಿದಳು. ಕೆಲಸಗಳ್ಳಿ. ಅವನು ಕಾಗದವನ್ನು ಅವಳ ಕಡೆ ತಿರುಗಿಸಿ ಪೆನ್ನು ಮುಂದೆ ಮಾಡಿದ. "ಇಲ್ಲಿ ಸಹಿ."

ಚೌಕದ ಆಚೆ ನಾಟಕಶಾಲೆಯವರು ನಾಟಕವನ್ನು ನಿಂತ ಜಾಗದಿಂದಲೇ ಮತ್ತೆ ಶುರುಮಾಡಿದ್ದರು. ತೆರೆದ ಬಾಗಿಲು, ತೆರೆದ ಕಿಟಕಿ. ಬಿಸಿಲಿನ ಚೌಕ ದಾಟಿ ಹಾಡು ಒಳಗೆ ಬಂತು. ಸ್ಪಷ್ಟವಾಗಿ ಬಂತು. ಸಾರ್ಜೆಂಟನ ಕೈ ನಿಂತಿತು. ಅವನು ಕಿಟಕಿಯ ಕಡೆ ನೋಡಿದ. ಆಮೇಲೆ ಅವಳ ಕೊರಳನ್ನು ನೋಡಿದ.

"ಕೇಳಿಸ್ತಾ?" ಎಂದಳು ಪಿರೋಶ್ಕಾ. "ಕೆಲಸದಲ್ಲಿದೀನಿ. ಬರ್ಕೊಳ್ಳಿ."

"ಅಮ್ಮಾ, ಅದು ಟೇಪು."

"ಕೊರಳು ಯಾರದು?"

ಅವನು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

"ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ, ದುಡಿಸ್ಕೊಳ್ತಾನೇ ಇದಾರೆ. ನೀವು ನನ್ನ ಕೆಲಸಗಳ್ಳಿ ಅಂತೀರಿ. ಹೊಡೆದು ಹಾಕಿ ಆ ಶಬ್ದನ. ಹೊಡೆಯೋವರೆಗೆ ನಾನು ಸಹಿ ಹಾಕಲ್ಲ."

"ಸಹಿ ಹಾಕದಿದ್ರೆ ಮನೆಗೆ ಬಿಡೋಕಾಗಲ್ಲ."

"ಬಿಡಬೇಡಿ."

ಸಾರ್ಜೆಂಟ್ ಎದ್ದು ಹೋಗಿ ಕಿಟಕಿ ಮುಚ್ಚಿದ. ಪಿರೋಶ್ಕಾ ಎದ್ದು ಹೋಗಿ ತೆಗೆದಳು.